ನಿನ್ನೆ ಸಂಜೆಯಿಂದ

ಲಕ್ಷ್ಮಿಕಾಂತನ ಮನೆಯ ಫೋನು ಹೆಸರಿಗಷ್ಟೇ ಲಕ್ಷ್ಮಿಕಾಂತನದು. ಹಲಸೂರಿನ ಆ ವಠಾರದ ಅಷ್ಟೂ ಬಾಡಿಗೆ ಮನೆಗಳಿಗೆ ಇದ್ದದ್ದು ಅದೊಂದೇ ಫೋನು. ಊರಿಗೆ ಕಾಗದ ಬರೆಯುವಾಗ, ಗ್ಯಾಸಿಗೆ ಹೆಸರು ಬರೆಸುವಾಗ, ಮಕ್ಕಳನ್ನು ಶಾಲೆಗೆ ಸೇರಿಸುವಾಗ ಎಲ್ಲರೂ ಅವನ ನಂಬರನ್ನೇ ಕೊಟ್ಟು ಪಕ್ಕದಲ್ಲಿ ‘ಪಿ.ಪಿ.’ ಎಂದು ಸೇರಿಸುತ್ತಿದ್ದರು. ಫೋನು ಪಕ್ಕದ ಮನೆಯವರದು, ಕೇಳಿದರೆ ಕರೆದು ಕೊಡುತ್ತಾರೆ ಎಂದು ಅದರ ಅರ್ಥ. ಇಸವಿ ಎರಡು ಸಾವಿರದಲ್ಲಿ ಇಂಥ ವಠಾರಗಳ ಮಕ್ಕಳು ಅ ಆ ಇ ಈ ಕಲಿಯುವ ಮೊದಲೇ ಪಿ.ಪಿ. ನಂಬರನ್ನು ಬಾಯಿಪಾಠ ಮಾಡಿರುತ್ತಿದ್ದವು.

ಅವನು ಫೋನು ಹಾಕಿಸಿದ್ದು ಮಾತಾಡಲಿಕ್ಕಲ್ಲ, ಇಂಟರ್‌ನೆಟ್ಟಿಗೆ. ದಾವಣಗೆರೆಯಿಂದ ಬಂದ ಈ ಬ್ರಹ್ಮಚಾರಿ ಇಂದಿರಾನಗರದ ಸಣ್ಣದೊಂದು ಕಂಪನಿಯಲ್ಲಿ ಹೋಟೆಲುಗಳಿಗೆ, ಟ್ರಾವೆಲ್ಸಿನವರಿಗೆ ವೆಬ್‌ಸೈಟು ಮಾಡಿಕೊಡುತ್ತಿದ್ದ. ಅದು ಹೊಟ್ಟೆಪಾಡು. ಪ್ರಾಣ ಇದ್ದದ್ದು ಫ್ರೀ ಸಾಫ್ಟ್‌ವೇರಿನಲ್ಲಿ. ಪ್ರೋಗ್ರಾಮುಗಳಿಗೆ ಬೀಗ ಹಾಕಿ ಮಾರಬಾರದು, ಬರೆದವನು ಅದನ್ನು ಲೋಕಕ್ಕೆ ಬಿಟ್ಟುಕೊಡಬೇಕು, ಯಾರು ಬೇಕಾದರೂ ನಕಲು ಮಾಡಿಕೊಳ್ಳಬಹುದು, ತಿದ್ದಬಹುದು, ಹಂಚಬಹುದು ಎಂಬುದು ಆ ಪಂಥದ ನಂಬಿಕೆ. ಪಂಥ ಎಂದೇ ಹೇಳಬೇಕು, ಯಾಕೆಂದರೆ ಭಾನುವಾರ ಗೆಳೆಯ ರವಿಕಿರಣನ ಮನೆಯ ಮಹಡಿಯಲ್ಲಿ ಸೇರುತ್ತಿದ್ದ ಆ ಹುಡುಗರ ಮುಖದಲ್ಲಿ ಭಜನೆಗೆ ಕೂತವರ ಕಳೆ ಇರುತ್ತಿತ್ತು. ವೆಬ್‌ಸೈಟಿಗೆ ಬಂದವರು ಹೆಸರು ಬರೆದಿಟ್ಟು ಹೋಗುವಂಥ ಪುಟ್ಟ ಪ್ರೋಗ್ರಾಮೊಂದನ್ನು ಲಕ್ಷ್ಮಿಕಾಂತನೂ ಬರೆದು ಹಾಗೆ ಬಿಟ್ಟಿದ್ದ. ಫಿನ್ಲೆಂಡಿನಲ್ಲಿ ಯಾರೋ ಅದನ್ನು ಬಳಸುತ್ತಿದ್ದಾರೆಂದು ಗೊತ್ತಾದ ದಿನ ವಠಾರಕ್ಕೆಲ್ಲ ಮೈಸೂರುಪಾಕು ಹಂಚಿದ. ತಿಂದವರು, ಸಂಬಳ ಎಷ್ಟು ಜಾಸ್ತಿಯಾಯಿತು ಎಂದು ಕೇಳಿದರು.

ಎದುರು ಮನೆಯಲ್ಲಿ ಅಂಬಣ್ಣ ಮತ್ತು ಸಾಬಮ್ಮ ಇದ್ದರು. ಶಹಾಪುರದ ಕಡೆಯವರು. ಅಂಬಣ್ಣ ಶಿವಾಜಿನಗರದ ಬಟ್ಟೆ ಗೋಡೌನಿನಲ್ಲಿ ಬೇಲು ಹೊರುತ್ತಿದ್ದ. ಸಾಬಮ್ಮ ಜೋಳದ ರೊಟ್ಟಿ ತಟ್ಟಿ, ಆ ಕಡೆಯಿಂದ ಬಂದು ಆಫೀಸುಗಳಲ್ಲಿದ್ದ ಹುಡುಗರಿಗೆ ಮಾರುತ್ತಿದ್ದಳು. ಒಬ್ಬಳೇ ಮಗಳು ಜಟ್ಟೆಮ್ಮನಿಗೆ ಆಗ ಐದು ವರ್ಷ. ಅಜ್ಜಿಯ ಹೆಸರು ಹೊತ್ತ ಹುಡುಗಿ ಅಜ್ಜಿಯ ಗತ್ತಿನಲ್ಲೇ ವಠಾರದ ತುಂಬ ತಿರುಗುತ್ತಿತ್ತು.

ಆ ವರ್ಷ ಕ್ರಿಸ್‌ಮಸ್ಸಿಗೆ ಮುಂಚೆ ಒಂದು ಸಂಜೆ ಸಾಬಮ್ಮ ಮಗಳನ್ನು ಕರೆದುಕೊಂಡು ರಸೆಲ್ ಮಾರ್ಕೆಟ್ಟಿಗೆ ಹೋದಳು. ಹಬ್ಬದ ನೂಕುನುಗ್ಗಲು. ಬದನೆಕಾಯಿ ಆರಿಸಿ ತಲೆಯೆತ್ತುವಷ್ಟರಲ್ಲಿ, ಸೆರಗು ಹಿಡಿದು ನಿಂತಿದ್ದ ಹುಡುಗಿ ಇಲ್ಲ. ಅಂಬಣ್ಣ ಗೋಡೌನಿನ ಹಮಾಲರನ್ನೆಲ್ಲ ಕಟ್ಟಿಕೊಂಡು ಓಣಿ ಓಣಿ ಹುಡುಕಿದ. ಪೊಲೀಸರಿಗೆ ಹೇಳಿ ಬಂದರು. ಲಕ್ಷ್ಮಿಕಾಂತನೂ ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡಿನ ಸುತ್ತ ಅಲೆದ. ಹುಡುಗಿ ಸಿಗಲಿಲ್ಲ.

ಬೆಳಗಾದ ಮೇಲೆ ಅವನಿಗೆ ತನ್ನ ವಿದ್ಯೆ ನೆನಪಾಯಿತು. ಜಟ್ಟೆಮ್ಮ ಹಳದಿ ಫ್ರಾಕು ಹಾಕಿಕೊಂಡು ಸ್ಟುಡಿಯೋದಲ್ಲಿ ತೆಗೆಸಿಕೊಂಡಿದ್ದ ಫೋಟೋವನ್ನು ಆಫೀಸಿಗೆ ಒಯ್ದು ಸ್ಕ್ಯಾನ್ ಮಾಡಿಸಿ ತಂದ. ಮನೆಯಲ್ಲಿ ಕೂತು ಒಂದು ಪುಟ ಮಾಡಿದ, ಒಂದು ಇ-ಮೇಲ್ ಬರೆದ. ಮೇಲೆ ಫೋಟೋ, ಕೆಳಗೆ ಇಂಗ್ಲಿಷಿನಲ್ಲಿ: ಈ ಮಗು ಜಟ್ಟೆಮ್ಮ, ವಯಸ್ಸು ಐದು, ನಿನ್ನೆ ಸಂಜೆಯಿಂದ ಕಾಣೆಯಾಗಿದ್ದಾಳೆ, ಕಂಡವರು ಈ ನಂಬರಿಗೆ ಫೋನು ಮಾಡಿ, ತಾಯಿಯನ್ನು ಕೇಳಿ. ಕೊನೆಗೆ ತನ್ನ ಪಂಥದ ಮಂತ್ರವನ್ನೂ ಸೇರಿಸಿದ: ಯಾರು ಬೇಕಾದರೂ ಇದನ್ನು ನಕಲು ಮಾಡಿ, ನಿಮ್ಮದೇ ಎಂದು ಹಂಚಿ, ಎಲ್ಲ ಕಡೆ ಕಳಿಸಿ. ತಾರೀಕು ಹಾಕಲಿಲ್ಲ. ಮಗು ಕಳೆದುಕೊಂಡವರು ಲೈಟು ಕಂಬಕ್ಕೆ ಅಂಟಿಸುವ ಚೀಟಿಗೆ ಯಾರು ತಾರೀಕು ಹಾಕುತ್ತಾರೆ? ನಾಲ್ಕು ದಿನಕ್ಕೆ ಮಳೆಗೋ ದನದ ಬಾಯಿಗೋ ಹೋಗುವ ಚೀಟಿ ಅದು. ಇದೂ ಹಾಗೆಯೇ ಎಂದು ಅವನು ತಿಳಿದ.

ಗೊತ್ತಿದ್ದವರಿಗೆ, ಗೊತ್ತಿಲ್ಲದವರಿಗೆ, ಇದ್ದಬದ್ದ ಮೇಲಿಂಗ್ ಲಿಸ್ಟುಗಳಿಗೆಲ್ಲ ದಿನವಿಡೀ ಕಳಿಸುತ್ತಲೇ ಇದ್ದ. ಆಗಿನ ಇಂಟರ್‌ನೆಟ್ಟು ಫೋನಿನ ತಂತಿಯಲ್ಲೇ ಬರುತ್ತಿದ್ದದ್ದು. ಅದು ಓಡುತ್ತಿರುವಷ್ಟು ಹೊತ್ತು ಹೊರಗಿನವರಿಗೆ ಫೋನು ಎಂಗೇಜು.

ಹೊತ್ತು ಮುಳುಗುವಾಗ ಆಟೋ ಒಂದು ವಠಾರದ ಬಾಗಿಲಿಗೆ ಬಂದು ನಿಂತಿತು. ಜಟ್ಟೆಮ್ಮನ ಕೈ ಹಿಡಿದುಕೊಂಡು ಬುರ್ಖಾ ತೊಟ್ಟ ಹೆಂಗಸೊಬ್ಬಳು ಇಳಿದಳು. ಮಾರ್ಕೆಟ್ಟಿನಲ್ಲಿ ಕೊತ್ತಂಬರಿ, ಪುದೀನ ಮಾರುವ ಚಾಂದ್ ಬೀ. ಅಳುತ್ತಿದ್ದ ಹುಡುಗಿಯನ್ನು ಮನೆಗೆ ಕರೆದೊಯ್ದು ಉಣ್ಣಿಸಿ ಮಲಗಿಸಿದ್ದಳು. ಹುಡುಗಿ ಗಿಳಿಯ ಹಾಗೆ ಪಿ.ಪಿ. ನಂಬರು ಒಪ್ಪಿಸಿತ್ತು. ಆ ನಂಬರು ಸಿಗದೆ, ಹಲಸೂರು ಎಂದು ಅದು ಹೇಳಿದ್ದನ್ನೇ ಹಿಡಿದು ವಠಾರ ವಠಾರ ಕೇಳಿಕೊಂಡು ಬಂದಿದ್ದಳು.

“ಯಾರು ಸಾರ್ ಈ ನಂಬರಿನೋರು?” ಎಂದು ಚಾಂದ್ ಬೀ ಅಂಗಳದಲ್ಲೇ ಜೋರು ಮಾಡಿದಳು. “ನಿನ್ನೆ ಮಾಡಿದ್ರೆ ಯಾರೂ ಎತ್ತಾಂಗಿಲ್ಲ. ಇವತ್ತು ಬೆಳಗ್ಗೆಯಿಂದ ಕುಂಯ್ ಕುಂಯ್, ಕುಂಯ್ ಕುಂಯ್. ಇಲ್ಲಿ ಬಚ್ಚೀ ಕಳ್ದೋಗಿದೆ, ಅಲ್ಲಿ ಯಾರ ಜೊತೆ ಸಾರ್ ನಿಮ್ದು ಅಷ್ಟೊತ್ತು ಬಾತಾಂ?”

ಲಕ್ಷ್ಮಿಕಾಂತನ ಮುಖ ಹುಳ್ಳಗಾಯಿತು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಆದರೆ ಮಗು ಸಿಕ್ಕ ಮನೆಯಲ್ಲಿ ಸಿಟ್ಟು ಯಾರಿಗೆ ಬರುತ್ತದೆ? ಸಾಬಮ್ಮ ಚಾಂದ್ ಬೀಯ ಕಾಲು ಹಿಡಿದಳು, ಆಮೇಲೆ ನಕ್ಕಳು, ವಠಾರವೇ ನಕ್ಕಿತು. ಅವನೂ ನಕ್ಕು, ಪುಟವನ್ನು ಅಳಿಸಿಹಾಕಿ, ಎಲ್ಲರಿಗೂ ಒಂದು ಸಾಲಿನ ಥ್ಯಾಂಕ್ಸ್ ಕಳಿಸಿ ಮರೆತ.

ಇ-ಮೇಲು ಮರೆಯಲಿಲ್ಲ. ಮೈಸೂರಿನಿಂದ, ಮುಂಬಯಿಯಿಂದ, ಒಮ್ಮೆ ದುಬೈಯಿಂದಲೂ ಫೋನು ಬಂತು. ನಿಮ್ಮ ಹುಡುಗಿಯಂಥ ಹುಡುಗಿಯನ್ನು ಕಂಡೆವು ಎನ್ನುವವರು, ಧೈರ್ಯವಾಗಿರಿ ಎನ್ನುವವರು. ಸಾಬಮ್ಮ ಹಿಟ್ಟಿನ ಕೈಯಲ್ಲೇ ಬಂದು ರಿಸೀವರು ಹಿಡಿದು, “ಸಿಕ್ಕಾಳ್ರೀ ಯಪ್ಪಾ, ಇಲ್ಲೇ ಅದಾಳ, ಸಾಲಿಗೆ ಹೋಗ್ಯಾಳ” ಎಂದು ನಗುತ್ತಿದ್ದಳು. ದೂರದೂರಿನ ಜನ ತನ್ನ ಮಗಳನ್ನು ಕೇಳುತ್ತಾರೆಂದು ಅವಳಿಗೊಂದು ಹೆಮ್ಮೆ. ಎರಡು ವರ್ಷದಲ್ಲಿ ಆ ಫೋನುಗಳು ನಿಂತೇಹೋದವು. ಅಷ್ಟರಲ್ಲಿ ಲಕ್ಷ್ಮಿಕಾಂತನಿಗೆ ಮದುವೆಯಾಯಿತು. ರೇವತಿ ಬಂದಳು, ಮಗಳು ಐಶ್ವರ್ಯಾ ಹುಟ್ಟಿದಳು, ಅವಳನ್ನು ಕಂಕುಳಿನಿಂದ ಇಳಿಸದೆ ಎತ್ತಿ ಆಡಿಸಿದವಳು ಜಟ್ಟೆಮ್ಮ.

ಎರಡು ಸಾವಿರದ ಐದರ ಮಳೆಗಾಲದಲ್ಲಿ ಜಟ್ಟೆಮ್ಮನಿಗೆ ಜ್ವರ ಬಂತು. ಡೆಂಗಿ. ನೋಡನೋಡುತ್ತಿದ್ದಂತೆ ಹುಡುಗಿ ಹೋಗಿಬಿಟ್ಟಿತು. ಸಾಬಮ್ಮ ಪ್ರಜ್ಞೆ ತಪ್ಪಿ ಬಿದ್ದಿದ್ದಳು, ಅವಳನ್ನು ರೇವತಿಯ ಹತ್ತಿರ ಬಿಟ್ಟು ಗಂಡಸರೇ ಕಲ್ಪಳ್ಳಿಯ ಸ್ಮಶಾನಕ್ಕೆ ಒಯ್ದು ಮಣ್ಣು ಮಾಡಿ ಬಂದರು. ಎಚ್ಚರವಾದಾಗ ಅವಳಿಗೆ ಕಂಡದ್ದು ಖಾಲಿ ಚಾಪೆ. ಹತ್ತು ವರ್ಷದ ಮಗಳು ಹಾಗೆ ಎದ್ದು ಹೋದ ಮನೆಯಲ್ಲಿ ಆ ತಾಯಿ ಹೇಗೆ ಉಸಿರಾಡಿದಳೋ, ದೇವರಿಗೇ ಗೊತ್ತು.

ಊರಿನ ನೆಂಟರು ಪಿ.ಪಿ. ನಂಬರಿಗೆ ಫೋನು ಮಾಡಿ ಅಳುವುದು, ರೇವತಿ ಸಾಬಮ್ಮನನ್ನು ಕರೆದು ಕೊಡುವುದು ಇನ್ನೂ ನಡೆದಿತ್ತು. ಅಂಥದೇ ಒಂದು ಬೆಳಿಗ್ಗೆ ಹಿಂದಿಯ ಗಂಡು ದನಿಯೊಂದು ಜಟ್ಟೆಮ್ಮನ ತಾಯಿಯನ್ನು ಕೇಳಿತು. ಇದೂ ದುಃಖ ವಿಚಾರಿಸುವವರೇ ಇರಬೇಕೆಂದು ರೇವತಿ, “ಸಾಬಮ್ಮಾ, ನಿಮಗೆ ಫೋನು” ಎಂದು ಕೂಗಿದಳು. ಶಹಾಪುರ, ಶಿವಾಜಿನಗರ ಎರಡರ ನೀರು ಕುಡಿದ ಸಾಬಮ್ಮನಿಗೆ ಆ ಭಾಷೆ ಚೆನ್ನಾಗಿಯೇ ತಿಳಿಯುತ್ತಿತ್ತು. ಆ ಮನುಷ್ಯ ಹೇಳಿದ್ದು ಇಷ್ಟು: ನಿನ್ನೆ ನಿಮ್ಮ ಮಗಳನ್ನು ಕೆ.ಆರ್.ಪುರ ಸ್ಟೇಷನ್ನಿನಲ್ಲಿ ಕಂಡೆ, ಹಳದಿ ಫ್ರಾಕು ಹಾಕಿದ್ದಳು, ಹೋಗಿ ಕರೆದುಕೊಂಡು ಬನ್ನಿ.

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸಾಬಮ್ಮ ಗಂಡನ ಅಂಗಿ ಹಿಡಿದು ಜಗ್ಗಿದಳು. “ನೀ ಅಕಿ ಮಾರಿ ನೋಡಿ ಮಣ್ಣು ಹಾಕಿದೇನು? ನನಗ್ಯಾಕ ತೋರಿಸಲಿಲ್ಲ?” ಅಂಬಣ್ಣ ಅಳುತ್ತ, ನೋಡಿದೆ ಎಂದ. ಅವಳು ನಂಬಲಿಲ್ಲ. ಮರುದಿನದಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಕೆ.ಆರ್.ಪುರ ಸ್ಟೇಷನ್ನಿಗೆ ಹೋಗಿ ಕೂರತೊಡಗಿದಳು. ರೈಲು ಬಂದು ನಿಂತಾಗಲೆಲ್ಲ ಬೋಗಿಯಿಂದ ಬೋಗಿಗೆ ಇಣುಕುವಳು.

ಲಕ್ಷ್ಮಿಕಾಂತನಿಗೆ ನಡೆದದ್ದು ಅರ್ಥವಾದದ್ದು ಮಹದೇವಪುರದ ಅವನ ಹೊಸ ಆಫೀಸಿನಲ್ಲಿ. ಪಕ್ಕದ ಸೀಟಿನವನು ಆಫೀಸಿಗೆಲ್ಲ ಕಳಿಸಿದ್ದ ಮೇಲು ಅವನ ಕಂಪ್ಯೂಟರಿಗೂ ಬಂತು. ತೆರೆದರೆ ಜಟ್ಟೆಮ್ಮ. ಅದೇ ಹಳದಿ ಫ್ರಾಕು, ಅದೇ ನಂಬರು. ಅವನು ಬರೆದಿದ್ದರ ಮೇಲೆ ಕಂಡವರೆಲ್ಲ ತಂತಮ್ಮ ಒಗ್ಗರಣೆ ಹಾಕಿದ್ದರು. ಈ ಮಗುವಿಗೆ ಮಾತು ಬರುವುದಿಲ್ಲ ಎಂದು ಒಬ್ಬ, ಹತ್ತು ಜನಕ್ಕೆ ಕಳಿಸದಿದ್ದರೆ ನಿಮ್ಮ ಮಗುವಿಗೂ ಇದೇ ಗತಿ ಎಂದು ಇನ್ನೊಬ್ಬ. ಅವನು ಬರೆದ ಒಂದು ಸಾಲು ಮಾತ್ರ ಹಾಗೆಯೇ ಇತ್ತು: ನಿನ್ನೆ ಸಂಜೆಯಿಂದ ಕಾಣೆಯಾಗಿದ್ದಾಳೆ. ಯಾವತ್ತು ಓದಿದರೂ ಅದು ನಿನ್ನೆಯೇ. ಸತ್ತು ಮಣ್ಣಾದ ಹುಡುಗಿ ಲೋಕದ ಪಾಲಿಗೆ ದಿನಾ ಬೆಳಿಗ್ಗೆ ಹೊಸದಾಗಿ ಕಳೆದುಹೋಗುತ್ತಿದ್ದಳು. ಲಕ್ಷ್ಮಿಕಾಂತ ಪಕ್ಕದ ಸೀಟಿನವನ ಮೇಲೆ ಹಾರಾಡಿದ, “ಕಳಿಸೋ ಮುಂಚೆ ಒಂದು ಫೋನ್ ಮಾಡಿ ಕೇಳಕ್ಕಾಗಲ್ವೇನ್ರೀ?” ಎಂದು. ಫೋನು ಮಾಡುವವರಿಂದಲೇ ಈ ಗತಿ ಬಂದದ್ದು ಎಂಬುದು ಕೂಗಾಡಿದ ಮೇಲೆ ಹೊಳೆಯಿತು.

ಅಂಬಣ್ಣ ಒಂದು ಸಂಜೆ ಬಾಗಿಲಿಗೆ ಬಂದು ಕೈಮುಗಿದ. “ಅಣ್ಣಾರ, ಅಕಿ ಇನ್ನು ಸ್ವಲ್ಪ ದಿನ ಹಿಂಗೇ ಇದ್ರ ಹುಚ್ಚಾಸ್ಪತ್ರಿಗೆ ಹಾಕಬೇಕಾಗತೈತಿ. ಮಗಳು ಹೋದಳು. ಹೆಂಡ್ತಿನರ ಉಳಿಸಿಕೊಡ್ರಿ. ಅದನ್ನ ಬಂದ್ ಮಾಡ್ರಿ.”

ಬಂದ್ ಮಾಡುವುದು ಹೇಗೆ? ಫೋನು ತೆಗೆಸಿಬಿಡೋಣ ಎಂದು ರೇವತಿ ಹೇಳಿದಳು. ಹೇಗೂ ಆಗ ಎಲ್ಲರ ಕೈಗೂ ಮೊಬೈಲು ಬಂದಿತ್ತು. ಆ ಮಾತು ಕಿವಿಗೆ ಬಿದ್ದದ್ದೇ ಸಾಬಮ್ಮ, “ಫೋನ್ ತಗಿಸಿದ್ರ ಹಲಸೂರು ಕೆರಿಗೆ ಬೀಳ್ತೀನಿ, ಶಿವನಾಣಿ” ಎಂದಳು. ಮಹದೇವಪುರದಲ್ಲಿ ಅಪಾರ್ಟ್‌ಮೆಂಟು ನೋಡಿಟ್ಟಿದ್ದ ರೇವತಿ, “ಊರಿಗೆ ಉಪಕಾರಿ, ಮನೆಗೆ ಮಾರಿ. ಇನ್ನೆಷ್ಟು ದಿನ ರೀ ಇಲ್ಲಿ?” ಎಂದು ಗಂಡನನ್ನು ಹಂಗಿಸುತ್ತಿದ್ದಳು. ಆದರೂ ಮನೆ ಬದಲಾಯಿಸುವ ಮಾತು ಅವಳ ಬಾಯಲ್ಲೇ ಉಳಿಯಿತು. ಸಾಬಮ್ಮನನ್ನು ಆ ಸ್ಥಿತಿಯಲ್ಲಿ ಬಿಟ್ಟುಹೋಗಲು ಅವಳಿಗೂ ಮನಸ್ಸಿರಲಿಲ್ಲ.

ಲಕ್ಷ್ಮಿಕಾಂತ ಆ ಮೇಲನ್ನು ಯಾರ‍್ಯಾರು ತಮ್ಮ ಪುಟಗಳಲ್ಲಿ ಹಾಕಿಕೊಂಡಿದ್ದಾರೆಂದು ಹುಡುಕಿ ಒಬ್ಬೊಬ್ಬರಿಗೂ ಬರೆದ. ಕೆಲವರು ತೆಗೆದರು. ಕೆಲವರ ವಿಳಾಸವೇ ಸತ್ತಿತ್ತು. ಒಬ್ಬ ಮಾತ್ರ ಅವನ ಕೊನೆಯ ಸಾಲನ್ನೇ ಎತ್ತಿ ತೋರಿಸಿ, ಹಂಚಿ ಎಂದು ನೀವೇ ಬರೆದಿದ್ದೀರಲ್ಲ ಎಂದು ಕೇಳಿದ.

ರವಿಕಿರಣನ ಮಹಡಿಯಲ್ಲಿ ಈ ಮಾತು ತೆಗೆದಾಗ ಆತ ಕಾಫಿ ಲೋಟ ಕೆಳಗಿಟ್ಟು, “ಗುರು, ಒಂದ್ಸಲ ಬಿಟ್ಟದ್ದನ್ನ ವಾಪಸ್ ತಗೊಳಕ್ಕಾಗಲ್ಲ. ನಾವು ಹತ್ತು ವರ್ಷದಿಂದ ಜನಕ್ಕೆ ಅದನ್ನೇ ತಾನೇ ಹೇಳ್ಕೊಂಡ್ ಬಂದಿರೋದು?” ಎಂದ.

“ಅದು ಪ್ರೋಗ್ರಾಮು ಮಗಾ. ಇದು ಮನುಷ್ಯರ ಮಗು.”

“ಕಾಪಿ ಮಾಡೋ ಮಷೀನಿಗೆ ಎರಡೂ ಒಂದೇ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಹಂಚಿದ್ದು ಬದುಕುತ್ತದೆ ಎಂದು ನಂಬಿಕೊಂಡಿದ್ದ ಲಕ್ಷ್ಮಿಕಾಂತನಿಗೆ, ಬದುಕಬಾರದ್ದೂ ಬದುಕುತ್ತದೆ ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಆಮೇಲೆ ಅವನು ಭಾನುವಾರದ ಸಭೆಗಳಿಗೆ ಹೋಗುವುದು ಕಡಿಮೆಯಾಯಿತು. ಹೋದರೂ ಮೂಲೆಯಲ್ಲಿ ಕೂತು ಎದ್ದು ಬರುತ್ತಿದ್ದ. ತನ್ನ ಕೈಗಳನ್ನು ಕಂಡರೇ ಅವನಿಗೆ ಜಿಗುಪ್ಸೆಯಾಗುತ್ತಿತ್ತು.

ಕೊನೆಗೆ ದಾರಿ ಹೇಳಿದವನೂ ರವಿಕಿರಣನೇ. ಹಳೆಯ ಮೇಲನ್ನು ಹಿಡಿಯಲು ಇನ್ನೊಂದು ಮೇಲನ್ನೇ ಬಿಡಬೇಕು. ಲಕ್ಷ್ಮಿಕಾಂತ ಮೊದಲು ನಿಜವನ್ನೇ ಬರೆದ: ಈ ಮಗು ತೀರಿಕೊಂಡಿದೆ, ದಯವಿಟ್ಟು ಫೋನು ಮಾಡಬೇಡಿ. ಅದು ಕಳಿಸಿದಲ್ಲೇ ಸತ್ತಿತು. ಸಾವಿನ ಸುದ್ದಿಯನ್ನು ಯಾರು ಹತ್ತು ಜನಕ್ಕೆ ಹಂಚುತ್ತಾರೆ? ಹಳೆಯದು ತನ್ನ ಪಾಡಿಗೆ ಓಡುತ್ತಲೇ ಇತ್ತು. ಸಾಬಮ್ಮ ಸ್ಟೇಷನ್ನಿಗೆ ಹೋಗುತ್ತಲೇ ಇದ್ದಳು.

“ಸಿಕ್ಕಳು ಅಂತ ಬರಿ ಗುರು,” ಎಂದ ರವಿಕಿರಣ. “ಖುಷಿ ಸುದ್ದಿ ಆದ್ರೆ ಓಡತ್ತೆ.”

ಸುಳ್ಳು ಬರೆಯಲು ಲಕ್ಷ್ಮಿಕಾಂತನಿಗೆ ಬಹಳ ದಿನ ಬೇಕಾಯಿತು. ಅಂಬಣ್ಣನಿಗೆ ಹೇಳಿದ. ಅಂಬಣ್ಣ, “ಏನರ ಬರೀರಿ, ಫೋನ್ ನಿಂತ್ರ ಸಾಕು” ಎಂದ. ಎರಡು ಸಾವಿರದ ಎಂಟರಲ್ಲಿ ಆ ಮೇಲು ಹೊರಟಿತು. ಅದೇ ಫೋಟೋ, ಅದೇ ನಂಬರು. ಬೇರೆಯಾಗಿದ್ದರೆ ಇದು ಆ ಮಗುವೇ ಎಂದು ಯಾರೂ ಗುರುತಿಸುತ್ತಿರಲಿಲ್ಲ. ಜಟ್ಟೆಮ್ಮ ಸಿಕ್ಕಿದ್ದಾಳೆ, ತಾಯಿಯ ಮಡಿಲು ಸೇರಿದ್ದಾಳೆ, ನಿಮ್ಮಂಥ ಒಬ್ಬರು ಗುರುತು ಹಿಡಿದು ತಿಳಿಸಿದ್ದರಿಂದಲೇ ಇದಾಯಿತು, ಎಲ್ಲರಿಗೂ ಕೈಮುಗಿಯುತ್ತೇವೆ ಎಂದು ಬರೆದ. ಬರೆಯುವಾಗ ಅವನ ಕಣ್ಣಲ್ಲಿ ನೀರು ಬಂತು.

ಅದು ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಕಂಡೆ, ನೋಡಿದೆ ಎನ್ನುವ ಫೋನುಗಳು ಮೊದಲು ಕಡಿಮೆಯಾದವು, ಆಮೇಲೆ ನಿಂತವು. ಸಾಬಮ್ಮ ಸ್ಟೇಷನ್ನಿಗೆ ಹೋಗುವುದನ್ನು ಬಿಟ್ಟಳು. ಮತ್ತೆ ರೊಟ್ಟಿ ತಟ್ಟುವ ಸದ್ದು ಎದುರು ಮನೆಯಿಂದ ಕೇಳಿತು. ತಲೆ ಬಾಚಿಕೊಂಡಳು. ಅಂಬಣ್ಣ ಕಂಡಾಗಲೆಲ್ಲ ಲಕ್ಷ್ಮಿಕಾಂತನಿಗೆ ಕೈಮುಗಿದ. ರೇವತಿ ಮತ್ತೆ ಅಪಾರ್ಟ್‌ಮೆಂಟಿನ ಮಾತೆತ್ತಿದಳು, ಈ ಸಲ ಅವನೂ ಹೂಂ ಎಂದ.

ಒಂದು ಭಾನುವಾರ ಅವನು ಬಾಳೆಹಣ್ಣು ತರಲು ಹೋಗಿದ್ದವನು ತಿರುಗಿ ಬರುವಾಗ ನಡುಮನೆಯಲ್ಲಿ ಫೋನು ಹಿಡಿದು ನಿಂತಿದ್ದ ಸಾಬಮ್ಮನನ್ನು ಕಂಡ. ನಗುತ್ತಿದ್ದಳು. “ಹಾಂ ಮಾಜೀ, ಮಿಲ್ ಗಯೀ. ಅಚ್ಛೀ ಹೈ. ಹಾಂ, ಖಾನಾ ಖಾಯೀ.” ರೇವತಿ ಅಡುಗೆಮನೆಯ ಬಾಗಿಲಲ್ಲಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು.

ಸಾಬಮ್ಮ ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ಅವನ ಕಡೆ ತಿರುಗಿದಳು. “ನಾಗಪುರದವರಂತ ಅಣ್ಣಾರ. ರಿಟೈರ್ ಆದ ಟೀಚರ್ ಬಾಯಾರು. ಮಗಳು ಸಿಗೂತನ ಗುರುವಾರ ಒಪ್ಪತ್ತು ಹಿಡಿದಿದ್ರಂತ, ಒಂದು ವರ್ಷ. ಈಗ ಸಿಕ್ಕಾಳಂತ ಓದಿ ಅಳಾಕತ್ಯಾರ. ಒಂದು ಸಲ ಅಕಿ ದನಿ ಕೇಳಬೇಕಂತ.”

“ಸಾಬಮ್ಮಾ, ಫೋನ್ ನನಗೆ ಕೊಡಿ,” ಎಂದು ಲಕ್ಷ್ಮಿಕಾಂತ ಕೈ ಚಾಚಿದ.

“ಯಾಕ್ರೀ? ಸಿಕ್ಕಾಳಂತ ನೀವೇ ಬರದೀರಲ್ಲ.”

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಸಿಟ್ಟೂ ಇರಲಿಲ್ಲ. ಇದ್ದಿದ್ದರೆ ಅವನು ಹೇಗಾದರೂ ತಡೆದುಕೊಳ್ಳುತ್ತಿದ್ದ. ಚಾಚಿದ ಕೈ ತಾನಾಗಿ ಕೆಳಗಿಳಿಯಿತು.

ಕಿಟಕಿಯ ಹತ್ತಿರ ಐಶ್ವರ್ಯಾ ಬಣ್ಣದ ಪೆನ್ಸಿಲು ಹರಡಿಕೊಂಡು ಕೂತಿದ್ದಳು. ಅವಳಿಗೂ ಈಗ ಐದು ವರ್ಷ. ಸಾಬಮ್ಮ ಅವಳನ್ನು ಎತ್ತಿ ಸ್ಟೂಲಿನ ಮೇಲೆ ನಿಲ್ಲಿಸಿ, ಹಣೆಯ ಮೇಲಿನ ಕೂದಲು ಸರಿಸಿ, ರಿಸೀವರನ್ನು ಕಿವಿಗೆ ಹಿಡಿದಳು. “ಅಜ್ಜಿ ನಿನ್ನ ಹೆಸರು ಕೇಳ್ತಾರ, ಹೇಳವ್ವ. ಜಟ್ಟೆಮ್ಮ ಅನ್ನು. ಹಾಂ, ಜಟ್ಟೆಮ್ಮ.”

ಹೊಸ ಆಟ ಸಿಕ್ಕಿತೆಂದು ಮಗು ಕಿಲಕಿಲ ನಕ್ಕಿತು. “ಜಟ್ಟೆಮ್ಮ,” ಎಂದಿತು. ಆ ಕಡೆಯಿಂದ ಮುದಿ ದನಿಯೊಂದು ಅಳುತ್ತ ಹರಸುವುದು ಬಾಗಿಲ ತನಕ ಕೇಳಿಸಿತು. ಮಗು ಇನ್ನೂ ಜೋರಾಗಿ, “ನಾನು ಜಟ್ಟೆಮ್ಮ! ನಾನು ಜಟ್ಟೆಮ್ಮ!” ಎಂದು ಕೂಗಿತು. ತನ್ನ ರಕ್ತದ ಕೂಸು ಸತ್ತವಳ ಹೆಸರು ಹೇಳಿಕೊಂಡು ಕುಣಿಯುವುದನ್ನು ಲಕ್ಷ್ಮಿಕಾಂತ ನಿಂತು ನೋಡಿದ.

ಸಾಬಮ್ಮ ರಿಸೀವರನ್ನು ಸೆರಗಿನಿಂದ ಒರೆಸಿ ಮೆಲ್ಲಗೆ ಇಟ್ಟಳು. ಮಗುವನ್ನು ಕೆಳಗಿಳಿಸಿ ಕೆನ್ನೆ ಸವರಿ ಲಟಿಕೆ ಮುರಿದಳು. ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ನೆಮ್ಮದಿ.

“ಬರೋ ಗುರುವಾರ ಮತ್ತ ಮಾಡ್ತಾರಂತ ಅಣ್ಣಾರ,” ಎಂದಳು. “ಮಗಳನ್ನ ಎಲ್ಲಿಗೂ ಕರಕೊಂಡು ಹೋಗಬ್ಯಾಡ್ರಿ.”